ಪೂರ್ವ ಗ್ಯಾಲರಿಯ ನೂರ ತೊಂಬತ್ತೆರಡು

ಕ್ರೀಡಾಂಗಣದ ಐವತ್ತನೇ ವರ್ಷದ ಸ್ಮರಣ ಸಂಚಿಕೆಗೆ 'ಸೌಲಭ್ಯಗಳು' ಎಂದು ಬರೆದು ಅಡಿಗೆರೆ ಎಳೆದ ಮೇಲೆ ಹಿರಿಯ ಗುಮಾಸ್ತನ ಪೆನ್ನು ನಿಂತುಬಿಟ್ಟಿತು. 'ಇತಿಹಾಸ' ಹೂವೆತ್ತಿದಷ್ಟು ಸಲೀಸಾಗಿ ಮುಗಿದಿತ್ತು. ಐವತ್ತು ವರ್ಷದ ಹಿಂದೆ ಇಟ್ಟಿಗೆ ಗೂಡುಗಳಿದ್ದ ಹಳ್ಳವನ್ನು ಮಣ್ಣು ಹಾಕಿ ತುಂಬಿಸಿ ನಗರಸಭೆ ಈ ಕ್ರೀಡಾಂಗಣ ಕಟ್ಟಿಸಿತು, ಮೊದಲ ಪಂದ್ಯ ಮುಗಿಯುವ ಹೊತ್ತಿಗೆ ಒಂದು ಗೋಲುಕಂಬ ಮೊಣಕಾಲುದ್ದ ಹೂತುಹೋಗಿತ್ತು, ಇಪ್ಪತ್ತೇಳು ವರ್ಷದ ಹಿಂದೆ ಎಲ್ಲವನ್ನೂ ನವೀಕರಿಸಿದರು. ಗೋಲುಕಂಬದ ಸಂಗತಿ ಬಿಟ್ಟು ಉಳಿದದ್ದನ್ನು ಅವನು ಒಂದೂವರೆ ಪುಟಕ್ಕೆ ಹಿಗ್ಗಿಸಿದ್ದ. ಇತಿಹಾಸವನ್ನು ಯಾರೂ ಹೋಗಿ ಪರೀಕ್ಷೆ ಮಾಡಿ ಬರುವುದಿಲ್ಲ. ಸೌಲಭ್ಯ ಹಾಗಲ್ಲ, ಓದಿದವನು ಎದ್ದು ಬಂದು ನಲ್ಲಿ ತಿರುಗಿಸಿಬಿಡಬಹುದು. ಎಂಟು ಸ್ನಾನದ ಕೋಣೆಗಳಲ್ಲಿ ಎರಡರಲ್ಲಿ ನೀರು ಬರುತ್ತದೆ, ಆ ಎರಡರಲ್ಲಿ ಒಂದರೊಳಗೆ ಪೊರಕೆ ಬಕೆಟ್ಟುಗಳು ಸಂಸಾರ ಹೂಡಿವೆ. ಸ್ಕೋರುಬೋರ್ಡಿನ ಏಳರ ಹಲಗೆ ಕಳೆದುಹೋಗಿ ಎಷ್ಟೋ ಕಾಲವಾಯಿತು, ಬೇಕಾದಾಗ ಒಂದರ ತಲೆಗೆ ರಟ್ಟಿನ ತುಂಡು ಅಂಟಿಸಿ ಏಳು ಮಾಡುತ್ತಾರೆ. ಪತ್ರಕರ್ತರ ಕೋಣೆಯಲ್ಲಿ ಪಾರಿವಾಳಗಳಿವೆ. ಆದರೆ ಇಷ್ಟು ವರ್ಷ ಕಚೇರಿಯಲ್ಲಿ ಪಳಗಿದವನಿಗೆ ಇದೆಲ್ಲ ಯಾವ ಮಹಾ? ಅವನ ಹತ್ತಿರ 'ಕಲ್ಪಿಸಲಾಗಿದೆ' ಎಂಬ ಪದವಿತ್ತು. ಸ್ನಾನಗೃಹಗಳ ವ್ಯವಸ್ಥೆ ಕಲ್ಪಿಸಲಾಗಿದೆ. ಪತ್ರಕರ್ತರಿಗೆ ಪ್ರತ್ಯೇಕ ಕೊಠಡಿ ಕಲ್ಪಿಸಲಾಗಿದೆ. ಯಾರು ಕಲ್ಪಿಸಿದರು ಎಂದು ಆ ಪದ ಹೇಳುವುದಿಲ್ಲ. ನಿಜವಾಗಿ ಒದಗಿಸಿದರೋ, ಸುಮ್ಮನೆ ಮನಸ್ಸಿನಲ್ಲಿ ಕಲ್ಪಿಸಿಕೊಂಡರೋ ಎಂದೂ ಹೇಳುವುದಿಲ್ಲ. ಇಡೀ ಭಾಷೆಯಲ್ಲಿ ಅವನಿಗೆ ಅದಕ್ಕಿಂತ ಪ್ರೀತಿಯ ಪದ ಇನ್ನೊಂದಿರಲಿಲ್ಲ.

ಪೆನ್ನು ನಿಜವಾಗಿ ನಿಂತದ್ದು 'ಆಸನ ಸಾಮರ್ಥ್ಯ' ಎಂಬಲ್ಲಿ. ಹದಿನೆಂಟು ಸಾವಿರದ ನಾನೂರ ಹದಿನಾರು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾನು. ಹೆಬ್ಬಾಗಿಲಿನ ಕಲ್ಲಿನ ಮೇಲೆ ಕೆತ್ತಿಸಿದ್ದೂ ಅದನ್ನೇ. ಕಚೇರಿಯಲ್ಲಿ ಅವನಿಗೆ ಇಟ್ಟ ಹೆಸರೇ 'ಹದಿನೆಂಟು ಸಾವಿರ'. "ಹದಿನೆಂಟು ಸಾವಿರ ಬಂದ್ರಾ?" "ಹದಿನೆಂಟು ಸಾವಿರಕ್ಕೆ ನೆಗಡಿಯಂತೆ, ರಜ." ಕೇಳಿದಾಗ ಮುಖ ಗಂಟಿಕ್ಕುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ಯಾಕೆಂದರೆ ಆ ಅಂಕಿ ಅವನ ಸ್ವಂತದ್ದು, ಸ್ವಂತ ಎಂದರೆ ಅವನ ಮೈಯಿಂದಲೇ ಹುಟ್ಟಿದ್ದು. ಗ್ಯಾಲರಿ ಎಂದರೆ ಉದ್ದುದ್ದ ಸಿಮೆಂಟು ಮೆಟ್ಟಿಲು, ನಡುವೆ ಕುರ್ಚಿಗಿರುವಂಥ ಕೈ ಇಲ್ಲ, ಗೆರೆ ಇಲ್ಲ. ನವೀಕರಣದ ಕಾಲದಲ್ಲಿ ಸೀಟಿಗೆ ನಂಬರು ಬರೆಸಬೇಕೆಂದಾಗ ಅಂದಿನ ಎಂಜಿನಿಯರು, ಇನ್ನೂ ಕೆಲಸ ಕಾಯಂ ಆಗಿರದ ಈ ಗುಮಾಸ್ತನನ್ನು ಕರೆದು, "ಒಬ್ಬ ಮನುಷ್ಯ ಕೂರೋ ಅಷ್ಟು ಅಗಲ ಹಿಡಿ" ಎಂದಿದ್ದರು. ಯಾವ ಮನುಷ್ಯ ಸಾರ್? "ನೀನು ಮನುಷ್ಯ ಅಲ್ವೇನಯ್ಯ? ಕೂತ್ಕೊಂಡು ಗುರುತು ಮಾಡು." ಹಾಗೆ ಶುರುವಾಯಿತು. ಕೂರುವುದು, ಎಡಗಡೆ ಬಲಗಡೆ ಸೀಮೆಸುಣ್ಣದ ಗೆರೆ, ಏಳುವುದು, ಪಕ್ಕಕ್ಕೆ ಸರಿಯುವುದು, ಮತ್ತೆ ಕೂರುವುದು. ಹಿಂದೆಯೇ ಪೇಂಟರು ಬಿಳಿ ಬಣ್ಣದಲ್ಲಿ ನಂಬರು ಒತ್ತುತ್ತ ಬರುತ್ತಿದ್ದ. ಹದಿನೈದೂವರೆ ಇಂಚು. ಇಪ್ಪತ್ತೊಂಬತ್ತನೆಯ ವಯಸ್ಸಿನ ಅವನ ಸೊಂಟದ ಕೆಳಗಿನ ಅಳತೆ ಸರ್ಕಾರಿ ದಾಖಲೆಗೆ ಸೇರಿದ್ದು ಹಾಗೆ.

"ಇದು ಯಾವ ಸ್ಟ್ಯಾಂಡರ್ಡು ಸಾರ್? ಹದಿನೈದೂವರೆ ಇಂಚು ನಾನೆಲ್ಲೂ ಕೇಳಿಲ್ಲ" ಎಂದರು ಎಂಜಿನಿಯರ್ ಮೇಡಂ. ಹನ್ನೊಂದು ಗಂಟೆಗೆ ಸರಿಯಾಗಿ ಬಂದಿದ್ದರು. ಕೈಯಲ್ಲಿ ಉದ್ದ ಹಿಡಿಯ ತುದಿಗೆ ಒಂದು ಅಳತೆಯ ಚಕ್ರ. ದೂಡಿಕೊಂಡು ಹೋದರೆ ಗಜಕ್ಕೊಂದು ಸಲ ಟಕ್ ಎನ್ನುತ್ತದೆ. ಐವತ್ತನೇ ವರ್ಷದ ದೊಡ್ಡ ಪಂದ್ಯಕ್ಕೆ ಮೊದಲು ಸುರಕ್ಷತೆಯ ಹೊಸ ಪ್ರಮಾಣಪತ್ರ ಬೇಕು, ಅದಕ್ಕೆ ಸೀಟು ಮತ್ತೆ ಎಣಿಸಬೇಕು, ಅದಕ್ಕೆ ಹಳೆಯದು ಬಲ್ಲವರೊಬ್ಬರು ಜೊತೆಗಿರಬೇಕು.

"ಲೋಕಲ್ ಸ್ಟ್ಯಾಂಡರ್ಡು ಮೇಡಂ" ಎಂದ ಅವನು.

"ಸ್ವಲ್ಪ ಕೂತ್ಕೊಳ್ಳಿ. ಒಂದು ಫೋಟೋ ಬೇಕು, ಅಗಲ ತೋರಿಸೋಕೆ."

ಪಶ್ಚಿಮ ಗ್ಯಾಲರಿ, ಹತ್ತನೆಯ ಸಾಲು, ನಲವತ್ತೊಂದು. ತಾನೇ ಗೆರೆ ಎಳೆದ ಜಾಗ. ಅವನು ಪ್ಯಾಂಟಿನ ಮಂಡಿ ಮೇಲೆಳೆದುಕೊಂಡು ಕುಳಿತ. ನಲವತ್ತೊಂದು ಪೂರ್ತಿ ಮುಚ್ಚಿಹೋಯಿತು, ನಲವತ್ತರ ಸೊನ್ನೆ ಕಾಣದಾಯಿತು, ಆಚೆ ಪಕ್ಕದ ನಲವತ್ತೆರಡರಲ್ಲಿ ಎರಡು ಮಾತ್ರ ಉಳಿಯಿತು. ಮೇಡಂ ಫೋಟೋ ತೆಗೆದು, "ಮೂರು ಸೀಟು" ಎಂದು ಬರೆದುಕೊಂಡರು. "ಎರಡೂವರೆ ಅನ್ನಿ ಮೇಡಂ" ಎಂದು ಅವನು ಕೇಳಿಕೊಂಡ. ಮೇಡಂ ಒಮ್ಮೆ ಮೇಲಿಂದ ಕೆಳಗೆ ನೋಡಿ, ಪಾಪ ಎನಿಸಿತೋ ಏನೋ, ಹೊಡೆದುಹಾಕಿ ಎರಡೂವರೆ ಮಾಡಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇದೇ ಜಾಗದಲ್ಲಿ ಅವತ್ತು ಗೆರೆ ಎಳೆಯುವಾಗಲೂ ಕಿವಿ ಬಿಸಿಯಾಗಿತ್ತು. ಕೆಳಗೆ ಮೈದಾನದಲ್ಲಿ ಫುಟ್‌ಬಾಲ್ ತಂಡ ಅಭ್ಯಾಸ ಮಾಡುತ್ತಿತ್ತು, ಮೊದಲ ದಿನ ಅವರು ಇವನನ್ನು ನೋಡಿ ಏನೋ ಕಾಯಿಲೆ ಎಂದುಕೊಂಡಿದ್ದರು. ಎರಡನೆಯ ದಿನ ಗೊತ್ತಾಯಿತು. ಮೂರನೆಯ ದಿನದಿಂದ ಆಟ ಬಿಟ್ಟು ಸಾಲಾಗಿ ನಿಂತು ಎಣಿಸತೊಡಗಿದರು: ಅವನು ಕೂತರೆ "ನೂರಾ ಹತ್ತೂ!" ಎದ್ದರೆ ಶಿಳ್ಳೆ. ಗೋಲು ಕಾಯುವವನು, ಗಂಭೀರ ಮನುಷ್ಯ, ಮೂವತ್ತೈದು ದಾಟಿದವನು, ಅವನೂ ಎಣಿಸಿದ. ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಪಶ್ಚಿಮದ ಮೂವತ್ತು ಸಾಲು ಮುಗಿಸಿದ್ದ, ಸಾಲಿಗೆ ನೂರ ತೊಂಬತ್ತಾರು. ಆಮೇಲೆ ಉತ್ತರ, ದಕ್ಷಿಣ. ಅಷ್ಟು ಹೊತ್ತಿಗೆ ಅವರು ಅವನಿಗೊಂದು ಹಾಡನ್ನೂ ಕಟ್ಟಿದ್ದರು.

"ಪೂರ್ವಕ್ಕೆ ಹೋಗೋಣ್ವಾ?" ಎಂದರು ಮೇಡಂ.

ಹೋಗೋಣ, ಹೋಗದೆ ಎಲ್ಲಿಗೆ ಹೋಗುವುದು. ಮೈದಾನದ ಅಂಚಿನಲ್ಲಿ ಚಕ್ರ ಟಕ್ ಟಕ್ ಎಂದು ಮುಂದೆ, ಅವನು ಹಿಂದೆ. ಪೂರ್ವದ ಗ್ಯಾಲರಿಗೆ ಅವನು ಅವತ್ತು ಹತ್ತಲೇ ಇಲ್ಲ. ನಕ್ಷೆಯಲ್ಲಿ ಪೂರ್ವ ಪಶ್ಚಿಮ ಎರಡೂ ಅವಳಿ ಜವಳಿ, ಎರಡಕ್ಕೂ ಒಂದೇ ಉದ್ದ. ಮತ್ತೆ ಹೋಗಿ ಯಾಕೆ ಮರ್ಯಾದೆ ಕಳೆದುಕೊಳ್ಳಬೇಕು? ಪೇಂಟರಿಗೆ ಒಂದು ಹದಿನೈದೂವರೆ ಇಂಚಿನ ಕೋಲು ಕತ್ತರಿಸಿ ಕೊಟ್ಟು, ಅವನು ನೆರಳಿನಲ್ಲಿ ಕೂತು ರಿಜಿಸ್ಟರಿನಲ್ಲಿ 'ಪೂರ್ವ: ಪಶ್ಚಿಮದಂತೆಯೇ' ಎಂದು ಬರೆದಿದ್ದ. ಪೇಂಟರು ಮಧ್ಯಾಹ್ನ ಬಂದು, "ಸಾರ್, ಆ ಕಡೆ ಗೋಡೆ ಬಂತು" ಎಂದ. "ಗೋಡೆ ಬಂದ್ರೆ ನಿಲ್ಸು" ಎಂದಿದ್ದ ಇವನು. ಎಷ್ಟು ಸರಳವಾದ ಮಾತು. ಯಾವ ಗೋಡೆ, ಎಲ್ಲಿ ಬಂತು, ಒಂದು ಸಲ ತಲೆ ಎತ್ತಿ ನೋಡಲಿಲ್ಲ. ನಕ್ಷೆ ಬರೆದಾದ ಮೇಲೆ ನೀರಿನ ಪಂಪಿಗೆಂದು ಅಲ್ಲೊಂದು ಕೋಣೆ ಕಟ್ಟಿದ್ದರು, ಗ್ಯಾಲರಿಯ ಒಂದು ತುದಿಯನ್ನು ಅದು ಮೇಲಿಂದ ಕೆಳಗಿನವರೆಗೆ ನುಂಗಿತ್ತು. ಇದು ಅವನಿಗೆ ಗೊತ್ತಾದದ್ದು ಆರು ವಾರ ಕಳೆದು, ಉದ್ಘಾಟನೆಯ ಪಂದ್ಯದ ದಿನ, ಗ್ಯಾಲರಿ ಪೂರ್ತಿ ತುಂಬಿದ ಏಕೈಕ ದಿನ, ಭಾವ ಹನ್ನೆರಡನೆಯ ಸಾಲಿನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದನ್ನು ಕಂಡಾಗ.

ಭಾವ ಎಂದರೆ ಅಕ್ಕನ ಗಂಡ, ಪೋಸ್ಟ್‌ಮನ್. ಅಂಥಿಂಥ ಪೋಸ್ಟ್‌ಮನ್ ಅಲ್ಲ. 'ನೀರಿನ ಟ್ಯಾಂಕಿನ ಹಿಂದೆ ಇರುವ ದೊಡ್ಡಮ್ಮನಿಗೆ' ಎಂದಷ್ಟೇ ಬರೆದಿದ್ದ ಕಾಗದವನ್ನೂ ಮಧ್ಯಾಹ್ನದೊಳಗೆ ಆ ದೊಡ್ಡಮ್ಮನ ಕೈಗೆ ಕೊಟ್ಟವರು. ಆ ಟಿಕೆಟ್ಟನ್ನು ಅವರಿಗೆ ಪ್ರೀತಿಯಿಂದ ಆರಿಸಿ ಕೊಟ್ಟವನು ಇವನೇ. "ಪೂರ್ವ, ಹನ್ನೆರಡನೇ ಸಾಲು, ನೂರ ತೊಂಬತ್ತೆರಡು. ಮೂಲೆ ಕಡೆ ಸೀಟು ಭಾವ, ನೆರಳಿರುತ್ತೆ." ಸೀಟಿಲ್ಲದ ಟಿಕೆಟ್ಟು ಹಿಡಿದು ಬಂದವರು ಅವತ್ತು ಇನ್ನೂರ ನಲವತ್ತು ಮಂದಿ. ಇನ್ನೂರ ಮೂವತ್ತೊಂಬತ್ತು ಮಂದಿ ಸಂದಿಗೊಂದಿಯಲ್ಲಿ ತುರುಕಿಕೊಂಡು, ಮೆಟ್ಟಿಲ ಮೇಲೆ ಕೂತು, ಆಟ ನೋಡಿದರು. ಭಾವ ಒಬ್ಬರೇ ನಂಬರು ಹುಡುಕಿದರು. ಬರೆದ ವಿಳಾಸ ಎಲ್ಲೋ ಇದ್ದೇ ಇರುತ್ತದೆ ಎಂಬುದು ಅವರ ನಂಬಿಕೆ. ಗುಮಾಸ್ತ ಆ ಗೋಡೆ ನೋಡಿದ, ಗೋಡೆಗೆ ತಾಗಿದ ನೂರ ಎಂಬತ್ತೆಂಟನ್ನು ನೋಡಿದ, ಭಾವನ ಕೈಯ ಟಿಕೆಟ್ಟು ನೋಡಿದ. ಮೂರು ಹೆಜ್ಜೆ ಆಚೆ ಅಂದಿನ ನಿರ್ದೇಶಕ ಸಾಹೇಬರು ನಿಂತಿದ್ದರು, ಅವನ ಕಾಯಂ ಆದೇಶ ಅದೇ ವಾರ ಅವರ ಸಹಿಗೆ ಹೋಗಿತ್ತು. ಬಾಯಿ ತಾನಾಗಿಯೇ ತೆರೆದುಕೊಂಡಿತು: "ಅಯ್ಯೋ ಭಾವ, ಗ್ಯಾಲರಿನೇ ತಪ್ಪಿ ಬಂದಿದ್ದೀರಲ್ಲ! ಊರಿಗೆಲ್ಲ ಕಾಗದ ಹಂಚೋರು ನೀವು!" ಸುತ್ತಲಿದ್ದವರು ನಕ್ಕರು. ಸಾಹೇಬರೂ ನಕ್ಕರು. ಭಾವ ಟಿಕೆಟ್ಟನ್ನು ಮತ್ತೊಮ್ಮೆ ನೋಡಿ, ಇಡೀ ಮೈದಾನ ಸುತ್ತಿ ಪಶ್ಚಿಮಕ್ಕೆ ಹೋದರು. ಅಲ್ಲಿ ನೂರ ತೊಂಬತ್ತೆರಡರಲ್ಲಿ ಸರಿಯಾದ ಟಿಕೆಟ್ಟಿನ ಒಬ್ಬಾತ ಕೂತಿದ್ದ, ವಾಪಸು ಕಳಿಸಿದ. ಆಟ ಮುಗಿಯುವವರೆಗೂ ಭಾವ ಎರಡು ಗ್ಯಾಲರಿಗಳ ನಡುವೆ ನಿಂತೇ ಇದ್ದರು.

ಟಕ್. ಟಕ್. ಮೇಡಂ ಹನ್ನೆರಡನೆಯ ಸಾಲಿನ ಕೊನೆ ಮುಟ್ಟಿದ್ದರು. ಮನೆಗೆ ಹೋಗಿ ಭಾವ ಬಾಯಿ ಬಿಡುವ ಮೊದಲೇ ತಾನು ಹೇಳಿಬಿಡಬೇಕೆಂದು ಅವನು ಅವತ್ತು ಸೈಕಲ್ಲು ತುಳಿದದ್ದೇ ತುಳಿದದ್ದು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ 'ನಿಂತ ಭಾವ'. ಇವನ ಮಕ್ಕಳ ಬಾಯಲ್ಲಿ 'ನಿಂತ ಮಾವ'. ಎಲ್ಲಿ ನಾಲ್ಕು ಜನ ಸೇರಲಿ, ಊಟಕ್ಕೆ ಕೂರುವಾಗ ಯಾರಾದರೂ, "ಭಾವನಿಗೆ ಮೊದಲು ಜಾಗ ತೋರಿಸ್ರಪ್ಪ" ಎನ್ನಬೇಕು, ಎಲ್ಲರೂ ನಗಬೇಕು, ಎಲ್ಲರಿಗಿಂತ ಜೋರಾಗಿ ಇವನು ನಗಬೇಕು. ಎಲ್ಲಾದರೂ ನಗು ಕಮ್ಮಿಯಾದರೆ ಯಾರಿಗಾದರೂ ಗೋಡೆಯ ನೆನಪಾದೀತು ಎಂಬ ಭಯ. ಭಾವನೂ ನಗುತ್ತಿದ್ದರು. ಒಂದು ವರ್ಷವಾಗುವುದರೊಳಗೆ ಅವರು ಬಾಗಿಲಲ್ಲಿ ನಿಂತು, "ಇದು ಹದಿನಾಲ್ಕನೇ ನಂಬರೇ ತಾನೇ?" ಎಂದು ಕೇಳಿಕೊಂಡು ಕಾಗದ ಕೊಡತೊಡಗಿದ್ದಾರೆ ಎಂದು ಅಕ್ಕ ಇನ್ನೊಂದು ನಗೆಚಾಟಿಕೆ ತಂದಳು. ಅದೂ ಸೇರಿಕೊಂಡಿತು. ಇನ್ನೆರಡು ವರ್ಷ ಕಳೆದ ಮೇಲೆ ಭಾವ ಬಟವಾಡೆ ಬೇಡವೆಂದು ತಾವೇ ಬರೆದುಕೊಟ್ಟು, ನಿವೃತ್ತಿಯವರೆಗೂ ಒಳಗೆ ಕೂತು ಕಾಗದಗಳ ಮೇಲೆ ಮುದ್ರೆ ಒತ್ತಿದರು. ಇದನ್ನೂ ಅವನು ನಗೆಚಾಟಿಕೆಯ ಬಾಲ ಎಂದೇ ಅಂದುಕೊಂಡಿದ್ದ. ಬಿಸಿಲಲ್ಲಿ ಬಿಳಿಯ ನೂರ ಎಂಬತ್ತೆಂಟನ್ನು ನೋಡುತ್ತ ನಿಂತಾಗ, ಅದು ಬಾಲವಾಗಿರಲಿಲ್ಲ ಎಂದು ಅವನಿಗೆ ಮೊದಲ ಬಾರಿಗೆ ಹೊಳೆಯಿತು.

"ಇಲ್ಲಿ ಸಾಲಿಗೆ ಎಂಟು ಕಮ್ಮಿ ಇದೆಯಲ್ಲ ಸಾರ್?"

ಇಪ್ಪತ್ತೇಳು ವರ್ಷ ಈ ಮಾತಿಗಾಗಿ ಅವನು ಕಾದಿದ್ದ. ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ: ಪೇಂಟರು ಕುಡಿಯುತ್ತಿದ್ದ, ಪಂಪಿನ ಕೋಣೆ ಆಮೇಲೆ ಕಟ್ಟಿದ್ದು, ಕಡತಕ್ಕೆ ಗೆದ್ದಲು ಹಿಡಿದಿದೆ. ಅವನ್ನೆಲ್ಲ ಬಿಟ್ಟು, "ಹೌದು ಮೇಡಂ" ಎಂದ.

"ಸರಿ. ಮೂವತ್ತು ಸಾಲು, ಸಾಲಿಗೆ ಎಂಟು, ಇನ್ನೂರ ನಲವತ್ತು ಕಳೀರಿ. ಹೆಂಗಿದ್ರೂ ಹೊಸ ರೂಲಲ್ಲಿ ಹದಿನೆಂಟು ಇಂಚು, ಪೂರ್ತಿ ಮತ್ತೆ ಬರೆಸ್ಬೇಕು." ಮೇಡಂ ಹಾಳೆ ತಿರುಗಿಸಿದರು. "ಇಲ್ಲಿ ನೀರು ಎಲ್ಲಿ ಸಿಗುತ್ತೆ ಸಾರ್?"

ಅಷ್ಟೇ! ಅವನಿಗೆ ಸಿಟ್ಟೇ ಬಂತು. ಒಂದು ವಿಚಾರಣೆ ಬೇಡವೆ? ಒಂದು ಮೆಮೊ? ತಡೆಯಲಾರದೆ ನಿರ್ದೇಶಕರ ಕೋಣೆಗೇ ಹೋಗಿ, ಬಾಗಿಲು ಮುಂದೆ ಮಾಡಿ, ಹೇಳಿದ. ಈಗಿನ ಸಾಹೇಬರು ಮಗನ ವಯಸ್ಸಿನವರು, ಫೋನಿನಿಂದ ಕಣ್ಣೆತ್ತಲಿಲ್ಲ.

"ಸಾರ್, ಆಸನ ಸಾಮರ್ಥ್ಯದಲ್ಲಿ ಒಂದು ತಪ್ಪಾಗಿದೆ. ನವೀಕರಣದ ಕಾಲದಿಂದ."

"ಎಷ್ಟು?"

"ಇನ್ನೂರ ನಲವತ್ತು ಸಾರ್."

"ಸ್ಮರಣ ಸಂಚಿಕೆಲಿ 'ಸುಮಾರು' ಅಂತ ಸೇರಿಸಿಬಿಡಿ. ಸುಮಾರು ಹದಿನೆಂಟು ಸಾವಿರ. ಮುಗೀತಲ್ಲ?"

ಮುಗಿಯಿತು. ಕಾರಿಡಾರಿನಲ್ಲಿ ನಡೆಯುತ್ತ, ಹೊರೆ ಇಳಿದವನಂತೆ ಹಗುರವಾಗಬೇಕಿತ್ತಲ್ಲ ಎಂದು ಕಾದ. ಆಗಲಿಲ್ಲ. ಇಷ್ಟು ವರ್ಷ ತಾನು ನಗರಸಭೆಗೆ ಹೆದರಿದ್ದ; ನಗರಸಭೆಗೆ ಇದು ಬೇಡವೇ ಬೇಡವಂತೆ. ತಪ್ಪು ಅಲ್ಲಿಂದ ಎದ್ದು, ತನಗೆ ಸೇರಿದ ಒಂದೇ ಮನೆಯ ಕಡೆ ಹೊರಟಿತ್ತು. ಅವನು ಅರ್ಧ ದಿನದ ರಜೆ ಬರೆದಿಟ್ಟು ಅದರ ಹಿಂದೆ ಹೊರಟ.

ದಾರಿಯುದ್ದಕ್ಕೂ ತನ್ನ ಜೊತೆ ತಾನೇ ಜಗಳವಾಡಿದ. ಹಳೆಯದನ್ನು ಕೆದಕಿ ಯಾರಿಗೇನು ಲಾಭ, ಆ ಮನುಷ್ಯ ನಗುನಗುತ್ತ ಚೆನ್ನಾಗಿಯೇ ಇದ್ದಾರೆ. ಚೆನ್ನಾಗಿದ್ದಾರೆಯೆ? ಕಳೆದ ತಿಂಗಳು ಬಸ್ಸಿನಲ್ಲಿ ಸಿಕ್ಕಾಗ ಬೋರ್ಡು ಓದಿ ಹತ್ತಿದ ಮೇಲೂ ಕಂಡಕ್ಟರನ್ನು ಕೇಳಿದರು, ಪಕ್ಕದವರನ್ನು ಕೇಳಿದರು, ಕೊನೆಗೆ ಇವನನ್ನೂ ಕೇಳಿದರು. ಇವನು, "ಕೂತ್ಕೊಳ್ಳಿ ಭಾವ, ಈ ಸೀಟಾದ್ರೂ ಇದೆ" ಎಂದಿದ್ದ. ಎಂದಿದ್ದ! ನೆನೆದು ರಸ್ತೆಯ ನಡುವೆ ನಿಂತೇಬಿಟ್ಟ. ಹಿಂದಿನಿಂದ ಬಂದ ಸ್ಕೂಟರಿನವನು ಬೈದು ಹೋದ. ಬೈಗುಳ ಕಿವಿಗೆ ಹಿತವಾಗಿಯೇ ಇತ್ತು.

ಭಾವ ಊಟದ ಮೇಜಿನ ಹತ್ತಿರ ಮಾತ್ರೆಯ ಡಬ್ಬಿ ತುಂಬುತ್ತ ಕುಳಿತಿದ್ದರು. ಏಳು ದಿನಕ್ಕೆ ಏಳು ಗೂಡು. ಒಂದೊಂದು ಮಾತ್ರೆ ಹಾಕುವಾಗಲೂ ಚೀಟಿ ಓದುವುದು, ಆಮೇಲೆ ಒಳಗೆ ಕೂಗುವುದು: "ಬಿಳಿದು ಬೆಳಿಗ್ಗೆನೇ ಅಲ್ವೇನೇ?" ಒಳಗಿನಿಂದ ಅಕ್ಕ, "ಹೂಂ ರೀ, ಎಷ್ಟು ಸಲ ಹೇಳ್ಲಿ" ಎನ್ನುವುದು. ಅವನು ಎದುರಿನ ಕುರ್ಚಿಯಲ್ಲಿ ಕುಳಿತ.

"ಏನೋ, ಹೊತ್ತಲ್ಲದ ಹೊತ್ತಿನಲ್ಲಿ?" ಎಂದರು ಭಾವ. "ಆಫೀಸಿಲ್ವಾ? ಇವತ್ತು ಬುಧವಾರ ತಾನೆ?"

"ಬುಧವಾರನೇ ಭಾವ." ಅವನು ಗಂಟಲು ಸರಿಮಾಡಿಕೊಂಡ. "ಸ್ಟೇಡಿಯಮ್ಮಲ್ಲಿ ಸೀಟು ಮರು ಎಣಿಕೆ ಕೈಗೊಳ್ಳಲಾಗಿತ್ತು. ಪೂರ್ವ ಗ್ಯಾಲರಿಯಲ್ಲಿ ಕೆಲವು ಸೀಟುಗಳು ಕಮ್ಮಿ ಇರೋದು ಕಂಡುಬಂದಿದೆ. ಅಂದ್ರೆ, ಆವಾಗ, ಟಿಕೆಟ್ಟು ಕೊಡಲಾಗಿತ್ತು, ಆದ್ರೆ ಸೀಟು ಕಲ್ಪಿಸಲಾಗಿರಲಿಲ್ಲ."

ಭಾವ ಕನ್ನಡಕದ ಮೇಲಿನಿಂದ ನೋಡಿದರು. "ನೀನು ಅರ್ಜಿ ಓದ್ತಾ ಇದ್ದೀಯೋ, ಮಾತಾಡ್ತಾ ಇದ್ದೀಯೋ?"

"ನೂರ ತೊಂಬತ್ತೆರಡು ಇರ್ಲಿಲ್ಲ ಭಾವ."

ಮಾತ್ರೆ ಹಿಡಿದ ಕೈ ಗೂಡಿನ ಮೇಲೆ ನಿಂತಿತು. "ಯಾವುದು?"

"ನಿಮ್ಮ ಸೀಟು. ನೂರ ಎಂಬತ್ತೆಂಟಕ್ಕೇ ಗೋಡೆ. ನೀವು ಸರಿಯಾದ ಜಾಗಕ್ಕೇ ಬಂದಿದ್ರಿ."

"ಯಾರು ಮಾಡಿದ್ದು ಇದನ್ನ?"

"ಪೇಂಟರು..." ಎಂದು ನಾಲಗೆ ತನ್ನಷ್ಟಕ್ಕೆ ಶುರು ಮಾಡಿತು. ಅವನು ಅದನ್ನು ಹಿಡಿದು ನಿಲ್ಲಿಸಿದ. "ನಾನು. ನಾನು ಎಣಿಸ್ಲಿಲ್ಲ, ಸುಮ್ನೆ ಬರೆದುಬಿಟ್ಟೆ. ಅವತ್ತು ನಿಮ್ಮನ್ನ ನೋಡಿದ ತಕ್ಷಣ ನನಗೆ ಗೊತ್ತಾಯ್ತು. ಗೊತ್ತಿದ್ದೂ ಸಾಹೇಬರ ಮುಂದೆ ನಿಮ್ಮನ್ನ ದಡ್ಡ ಮಾಡ್ದೆ. ಆಮೇಲೂ ಅಷ್ಟೆ, ಪ್ರತಿ ಸಲ, ಗೊತ್ತಿದ್ದೇ."

ಕಿವಿಗೆ ಅರ್ಧ ಬಿದ್ದ ಅಕ್ಕ ಸೌಟು ಹಿಡಿದು ಬಾಗಿಲಿಗೆ ಬಂದಳು. "ಮತ್ತೆ ಸೀಟಿನ ಕತೆನಾ?" ಎಂದು ರೂಢಿಯಂತೆ ನಗಲು ಬಾಯಿ ತೆರೆದವಳು ಇಬ್ಬರ ಮುಖ ನೋಡಿ ಮುಚ್ಚಿಕೊಂಡಳು. ಏನಾಯಿತೆಂದು ಅವನು ಅವಳಿಗೂ ಮೊದಲಿನಿಂದ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ಅಕ್ಕ, "ಥೂ, ನಿನ್ನ!" ಎಂದಳು. ಆಮೇಲೆ ತಾನೂ ಎಷ್ಟು ನಕ್ಕಿದ್ದೆ ಎಂದು ನೆನಪಾಗಿಯೋ ಏನೋ, ಬೈಗುಳ ಮುಂದುವರಿಸಲಿಲ್ಲ.

ಭಾವ ಕೋಪಿಸಿಕೊಳ್ಳಲಿ ಎಂದು ಅವನು ಕಾದ. ಮೇಜು ಗುದ್ದಲಿ, ಹೊರಗೆ ಹೋಗು ಎನ್ನಲಿ. ಭಾವ ಅವನ ಕಡೆ ನೋಡಲೇ ಇಲ್ಲ. "ಮೂರು ಸಲ ಎಣಿಸಿದ್ದೆ ನಾನು" ಎಂದರು, ಮೆಲ್ಲಗೆ. "ಮೂರು ಸಲವೂ ನೂರ ಎಂಬತ್ತೆಂಟಕ್ಕೇ ಗೋಡೆ ಬಂತು. ಓದೋದ್ರಲ್ಲೇ ಏನೋ ಎಡವಟ್ಟಾಗ್ತಿದೆ ಅಂದ್ಕೊಂಡೆ. ಒಂದು ಟಿಕೆಟ್ಟು ಓದಕ್ಕಾಗದವನು ಊರಿನ ಕಾಗದ ಹೆಂಗೆ ಹಂಚೋದು ಅಂತ..." ಅಲ್ಲಿಗೇ ಬಿಟ್ಟರು. ಕೈಯಲ್ಲಿದ್ದ ಮಾತ್ರೆಯನ್ನು ಗೂಡಿಗೆ ಹಾಕದೆ ಮೇಜಿನ ಮೇಲಿಟ್ಟು, "ಹಾಗಾದ್ರೆ ನಾನು ಬಟವಾಡೆ ಯಾಕೆ ಬಿಟ್ಟೆ?" ಎಂದು ಕೇಳಿದರು. ಹಂಗಿಸುವ ದನಿಯಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಂದ ಕೇಳಿ ತಿಳಿದುಕೊಳ್ಳುವ ದನಿ. ಇಪ್ಪತ್ತೇಳು ವರ್ಷ ಪ್ರತಿ ಮಾತಿಗೂ ಚಟಾಕಿ ಹಾರಿಸಿದ್ದ ಗುಮಾಸ್ತನ ಕಣ್ಣು ತುಂಬಿ ಬಂತು, ಅದೂ ಸಾಲದೆನಿಸಿತು.

ಭಾವ ಮಾತ್ರೆಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಬೆನ್ನು ನೆಟ್ಟಗೆ ಮಾಡಿ ಕುಳಿತು ಕಣ್ಣು ಮುಚ್ಚಿದರು. "ಸ್ಟೇಷನ್ ರಸ್ತೆ, ಎಡಗಡೆ" ಎಂದರು. "ಒಂದು, ಟೈಲರು. ಎರಡು, ಹಲ್ಲಿನ ಡಾಕ್ಟ್ರು. ಮಹಡಿ ಮೇಲೆ ಎರಡು ಬಾರ್ ಎ, ಟೈಪಿಂಗ್ ಕಲಿಸೋ ಮೇಷ್ಟ್ರು. ಮೂರು ಇಲ್ಲ, ಸುಟ್ಟುಹೋಯ್ತು. ನಾಲ್ಕು, ವಕೀಲರ ಹೆಂಡ್ತಿ, ಬೆಲ್ಲು ಕೇಳಲ್ಲ, ಕಿಟಕಿ ತಟ್ಟಬೇಕು. ಐದು, ನಾಯಿ." ಹೇಳುತ್ತ ಹೇಳುತ್ತ ಬೆರಳು ಮೇಜಿನ ಮೇಲೆ ಒಂದೊಂದೇ ಮನೆ ಸರಿಯುತ್ತಿತ್ತು. ರಸ್ತೆ ಮುಗಿದು ಅಡ್ಡರಸ್ತೆ ಬಂತು, ಅಡ್ಡರಸ್ತೆ ಮುಗಿದು ಬಾವಿಯ ಓಣಿ ಬಂತು. ಒಲೆಯ ಮೇಲೆ ಏನೋ ಉಕ್ಕಿ ಆರಿದರೂ ಅಕ್ಕ ಕದಲಲಿಲ್ಲ. ಓಣಿಯ ಹದಿನೇಳನೆಯ ಮನೆಯಲ್ಲಿ ಭಾವ ತಡವರಿಸಿದರು. "ಹದಿನೇಳು... ಹಾಲಿನವರು" ಎಂದು ಕಣ್ಣು ಬಿಟ್ಟು, ಅಲ್ವೇನೇ ಎಂದು ಕೇಳಲು ಅಕ್ಕನ ಕಡೆ ಮುಖ ತಿರುಗಿಸಿದರು. ಅಕ್ಕ ಸುಮ್ಮನೆ ನಿಂತಿದ್ದಳು. ಭಾವ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಏನನ್ನೂ ಕೇಳದೆ ಹದಿನೆಂಟನೆಯ ಮನೆಗೆ ಹೋದರು.